ಆಸ್ಪಿರಿನ್ ಯಾಕೆ ನಿಲ್ಲಿಸಿದರು? ಹೃದಯದ ಪಂಪ್ ಇರುವವರ ಅಕ್ಕನಿಗೆ ಉತ್ತರ

ಶಿವಮೊಗ್ಗದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ತಮ್ಮನಿಗೆ 44 ವರ್ಷ, ಅಮೆರಿಕದಲ್ಲಿ ಕೆಲಸ. ಹೃದಯದ ಸ್ನಾಯು ಸೋತು ನಾಲ್ಕು ವರ್ಷದ ಹಿಂದೆ ಎದೆಯೊಳಗೆ ಹಾರ್ಟ್‌ಮೇಟ್ 3 ಎಂಬ ಪಂಪ್ ಇಟ್ಟಿದ್ದಾರೆ. ರಕ್ತನಾಳದಲ್ಲಿ ಅಡ್ಡಿ ಏನೂ ಇರಲಿಲ್ಲ. "ಒಂದು ದಿನವೂ ಆಸ್ಪಿರಿನ್ ತಪ್ಪಿಸಬೇಡಿ ಎಂದ ಡಾಕ್ಟರರೇ ಈಗ ನಿಲ್ಲಿಸಿ ಎಂದಿದ್ದಾರೆ. ಕೆಲವು ರೋಗಿಗಳಿಗೆ ಖಾಲಿ ಮಾತ್ರೆ ಕೊಟ್ಟು ನೋಡಿದರಂತೆ. ಪಂಪ್ ಮೇಲೆ ಜೀವ ಹಿಡಿದುಕೊಂಡವರ ಮೇಲೆ ಹೀಗೆ ಪ್ರಯೋಗ ಮಾಡಬಹುದಾ?" ಎಂದು ಕೇಳಿದ್ದಾರೆ. ಬೇಸಿಗೆಯಲ್ಲಿ ಆ ತಮ್ಮ ಊರಿಗೆ ಬರುತ್ತಾರೆ, ಏನು ತಯಾರಿ ಬೇಕು, ಈ ಪಂಪ್ ಕೊನೆಯ ತನಕ ಇರಬೇಕಾ ಎಂಬ ಪ್ರಶ್ನೆಗಳೂ ಇವೆ.

ಸಂಪಾದಕರ ಉತ್ತರ:

ನಿಮ್ಮ ಭಯ ಅರ್ಥವಾಗುತ್ತದೆ. ನಾಲ್ಕು ವರ್ಷ ಕಾಪಾಡಿದೆ ಎಂದು ನಂಬಿದ್ದ ಮಾತ್ರೆಯನ್ನು ಒಂದು ದಿನ ಬೇಡ ಎಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಆದರೆ ನಿಮ್ಮ ತಮ್ಮನ ಡಾಕ್ಟರರು ಸುಮ್ನೆ ಮನಸ್ಸು ಬದಲಾಯಿಸಿಲ್ಲ. ಅದರ ಹಿಂದೆ 628 ರೋಗಿಗಳು ಒಪ್ಪಿ ಭಾಗವಹಿಸಿದ ಒಂದು ಅಧ್ಯಯನ ಇದೆ. ಆ ಖಾಲಿ ಮಾತ್ರೆ ಬಂದದ್ದೂ ಅಲ್ಲಿಂದಲೇ.

ಮೊದಲು, ಆಸ್ಪಿರಿನ್ ಯಾಕೆ ಕೊಡುತ್ತಿದ್ದರು ಎಂಬುದನ್ನು ನೋಡೋಣ. ಹೃದಯದ ಎಡ ಕೆಳಕೋಣೆಯಿಂದ ರಕ್ತ ತೆಗೆದುಕೊಂಡು ಮಹಾಪಧಮನಿಗೆ ತಳ್ಳುವುದು ಈ ಪಂಪಿನ ಕೆಲಸ. ರಕ್ತ ಲೋಹಕ್ಕೆ ತಗುಲಿದರೆ ಹೆಪ್ಪುಗಟ್ಟಲು ನೋಡುತ್ತದೆ. ಪಂಪಿನೊಳಗೆ ಹೆಪ್ಪುಗಟ್ಟಿದರೆ ಪಂಪ್ ನಿಲ್ಲಬಹುದು. ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಹಾಗಾಗಿ ವಾರ್ಫರಿನ್ ಒಂದು, ಆಸ್ಪಿರಿನ್ ಒಂದು, ಹೀಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಔಷಧಿ ಕೊಡುವುದು ರೂಢಿಯಾಯಿತು.

ಈ ಭಯಕ್ಕೆ ಕಾರಣವೂ ಇತ್ತು. ಹಿಂದಿನ ತಲೆಮಾರಿನ ಹಾರ್ಟ್‌ಮೇಟ್ 2 ಪಂಪಿನಲ್ಲಿ 2011ರ ನಂತರ ಹೆಪ್ಪುಗಟ್ಟುವುದು ಇದ್ದಕ್ಕಿದ್ದಂತೆ ಜಾಸ್ತಿಯಾಯಿತು. ಕ್ಲೀವ್‌ಲ್ಯಾಂಡ್, ಸೇಂಟ್ ಲೂಯಿಸ್ ಮತ್ತು ಡ್ಯೂಕ್‌ನ ಮೂರು ಆಸ್ಪತ್ರೆಗಳು ತಮ್ಮ ರೋಗಿಗಳ ಲೆಕ್ಕ ಒಟ್ಟುಗೂಡಿಸಿದವು. ಪಂಪ್ ಇಟ್ಟ ಮೂರು ತಿಂಗಳೊಳಗೆ ಹೆಪ್ಪುಗಟ್ಟುವ ಪ್ರಮಾಣ 2.2%ನಿಂದ 8.4%ಗೆ ಏರಿತ್ತು. ಆಮೇಲೆ 'ಪ್ರಿವೆಂಟ್' ಎಂಬ ಅಧ್ಯಯನದಲ್ಲಿ ಪಂಪನ್ನು ಯಾವ ಕೋನದಲ್ಲಿ ಕೂರಿಸಬೇಕು, ಯಾವ ವೇಗದಲ್ಲಿ ಓಡಿಸಬೇಕು, ರಕ್ತ ತೆಳುವಾಗಿಸುವ ಔಷಧಿ ಹೇಗೆ ಕೊಡಬೇಕು ಎಂದು ಒಂದು ಪದ್ಧತಿ ಮಾಡಿಕೊಂಡರು. ಆಗ ಅದು 2.9%ಗೆ ಇಳಿಯಿತು. ಹೊಸ ಯಂತ್ರ ಬಂದದ್ದರಿಂದ ಅಲ್ಲ, ಅದೇ ಯಂತ್ರವನ್ನು ಜಾಗ್ರತೆಯಿಂದ ಬಳಸಿದ್ದರಿಂದ ಆದ ಬದಲಾವಣೆ ಇದು. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಪಂಪಿನ ಕಥೆ ಹೇಳುವವರು ಯಂತ್ರವನ್ನಷ್ಟೇ ಹೊಗಳಿ ಈ ಕೆಲಸವನ್ನು ಮರೆಯುತ್ತಾರೆ.

ನಂತರ ಬಂದದ್ದು ನಿಮ್ಮ ತಮ್ಮನ ಎದೆಯಲ್ಲಿರುವ ಹಾರ್ಟ್‌ಮೇಟ್ 3. ಇದರ ತಿರುಗುವ ಚಕ್ರ ಯಾವುದಕ್ಕೂ ತಾಗದೆ ಅಯಸ್ಕಾಂತದ ಬಲದಿಂದ ತೇಲುತ್ತದೆ. ಸುತ್ತ ಜಾಗ ಜಾಸ್ತಿ ಇರುವುದರಿಂದ ರಕ್ತಕಣಗಳು ಅಷ್ಟಾಗಿ ಜಜ್ಜಿಹೋಗುವುದಿಲ್ಲ. ರಕ್ತ ಒಂದೇ ಕಡೆ ನಿಲ್ಲದಿರಲಿ ಎಂದು ಎರಡು ಸೆಕೆಂಡಿಗೊಮ್ಮೆ ವೇಗ ಬದಲಾಗುತ್ತದೆ. 1,028 ರೋಗಿಗಳಲ್ಲಿ ಹಳೆಯ ಪಂಪ್ ಮತ್ತು ಹೊಸ ಪಂಪನ್ನು ಹೋಲಿಸಿದ 'ಮೊಮೆಂಟಮ್ 3' ಅಧ್ಯಯನದ ಪೂರ್ತಿ ವರದಿ 2019ರಲ್ಲಿ ಬಂತು. ಎರಡು ವರ್ಷದಲ್ಲಿ ಪಂಪ್ ಬದಲಿಸಬೇಕಾಗಿ ಬಂದವರು ಹಳೆಯದರಲ್ಲಿ 11.3%, ಹೊಸದರಲ್ಲಿ 2.3%. ಪಂಪಿನೊಳಗೆ ಹೆಪ್ಪುಗಟ್ಟುವುದು ಬಹುತೇಕ ನಿಂತೇಹೋಯಿತು.

ಆದರೆ ರಕ್ತಸ್ರಾವ ನಿಲ್ಲಲಿಲ್ಲ. ಮೂಗಿನಲ್ಲಿ ರಕ್ತ, ಕರುಳಿನಲ್ಲಿ ರಕ್ತ, ಮತ್ತೆ ಮತ್ತೆ ಆಸ್ಪತ್ರೆ. ಇದಕ್ಕೆ ಔಷಧಿಯೊಂದೇ ಕಾರಣ ಅಲ್ಲ. ಗಾಯವಾದಲ್ಲಿ ರಕ್ತ ಕಟ್ಟಲು ನೆರವಾಗುವ ಫಾನ್ ವಿಲ್ಲೆಬ್ರಾಂಡ್ ಎಂಬ ಪ್ರೋಟೀನ್ ನಮ್ಮ ರಕ್ತದಲ್ಲಿ ಉದ್ದುದ್ದ ಸರಪಳಿಯಾಗಿ ಇರುತ್ತದೆ. ಜೋರಾಗಿ ತಿರುಗುವ ಪಂಪಿನಲ್ಲಿ ಆ ಸರಪಳಿಗಳು ಗಿರಣಿಗೆ ಸಿಕ್ಕ ದಾರದಂತೆ ತುಂಡಾಗುತ್ತವೆ. ಜೊತೆಗೆ ಪಂಪ್ ಇರುವವರ ಕರುಳಿನಲ್ಲಿ ಸಣ್ಣಪುಟ್ಟ ದುರ್ಬಲ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ. ಇದರ ಮೇಲೆ ವಾರ್ಫರಿನ್, ಅದರ ಮೇಲೆ ಆಸ್ಪಿರಿನ್. ರಕ್ತ ಹೋದಾಗ ಬೇರೆಯವರ ರಕ್ತ ಕೊಡಬೇಕು. ಹೃದಯ ಕಸಿಗೆ ಕಾಯುತ್ತಿರುವವರಿಗೆ ಇದರಿಂದ ಇನ್ನೊಂದು ತೊಂದರೆ. ಬೇರೆ ಬೇರೆ ರಕ್ತ ಪಡೆದಷ್ಟೂ ದೇಹದಲ್ಲಿ ಹೊರಗಿನದನ್ನು ಎದುರಿಸುವ ಪ್ರತಿಕಾಯಗಳು ಬೆಳೆಯಬಹುದು. ಆಮೇಲೆ ಹೊಂದುವ ಹೃದಯ ಸಿಗುವುದೇ ಕಷ್ಟ.

ಹಾಗಾದರೆ ಹೊಸ ಪಂಪಿಗೆ ಆಸ್ಪಿರಿನ್ ಬೇಕೇ ಬೇಕಾ? ಯಾರ ಬಳಿಯೂ ಪುರಾವೆ ಇರಲಿಲ್ಲ. ಹಳೆಯ ಪಂಪುಗಳ ಕಾಲದ ರೂಢಿ ಹಾಗೇ ಮುಂದುವರಿದಿತ್ತು. ನಿಮ್ಮ ತಮ್ಮನಿಗೆ "ತಪ್ಪಿಸಬೇಡಿ" ಎಂದವರು ಸುಳ್ಳು ಹೇಳಲಿಲ್ಲ. ಅಂದಿನ ತಿಳಿವಳಿಕೆಯನ್ನು ಹೇಳಿದರು.

ಇದನ್ನು ಪರೀಕ್ಷಿಸಿದ್ದು 'ಏರಿಸ್' ಅಧ್ಯಯನ. ಬಾಸ್ಟನ್‌ನ ಹೃದ್ರೋಗ ತಜ್ಞ ಮನ್‌ದೀಪ್ ಮೆಹ್ರಾ ಇದರ ಮುಂದಾಳು. 9 ದೇಶಗಳ 51 ಆಸ್ಪತ್ರೆಗಳು ಸೇರಿದವು. ಎಲ್ಲ ರೋಗಿಗಳಿಗೂ ವಾರ್ಫರಿನ್ ಥರದ ಔಷಧಿ ಇದ್ದೇ ಇತ್ತು. ಇದನ್ನು ದಯವಿಟ್ಟು ಗಮನಿಸಿ. ಯಾರನ್ನೂ ರಕ್ಷಣೆ ಇಲ್ಲದೆ ಬಿಟ್ಟಿರಲಿಲ್ಲ. ಅದರ ಜೊತೆಗೆ ಅರ್ಧ ಜನರಿಗೆ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್, ಇನ್ನರ್ಧ ಜನರಿಗೆ ನೋಡಲು ಅದೇ ಥರದ ಖಾಲಿ ಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ನೋಡಿಕೊಳ್ಳುವ ಡಾಕ್ಟರಿಗೂ ಗೊತ್ತಿಲ್ಲ. ಆದರೆ ಇಂಥದ್ದೊಂದು ಸಾಧ್ಯತೆ ಇದೆ ಎಂದು ಪ್ರತಿಯೊಬ್ಬರಿಗೂ ಮೊದಲೇ ಹೇಳಿ, ಒಪ್ಪಿಗೆ ಪಡೆದಿದ್ದರು. ಸ್ಟೆಂಟ್‌ನಂಥ ಬೇರೆ ಕಾರಣಕ್ಕೆ ಆಸ್ಪಿರಿನ್ ಬೇಕೇ ಬೇಕು ಎನ್ನುವವರನ್ನು ಸೇರಿಸಿಕೊಳ್ಳಲೇ ಇಲ್ಲ.

ಖಾಲಿ ಮಾತ್ರೆಯ ಮಾತು ಕೇಳಿದರೆ ಮೋಸ ಅನಿಸುವುದು ಸಹಜ. ಆದರೆ ಅದಿಲ್ಲದೆ ಏನಾಗುತ್ತಿತ್ತು ಯೋಚಿಸಿ. ಆಸ್ಪಿರಿನ್ ಬಿಟ್ಟಿದ್ದೇನೆ ಎಂದು ಗೊತ್ತಿರುವ ರೋಗಿ ಸಣ್ಣ ತಲೆನೋವಿಗೂ ಹೆದರಿ ಆಸ್ಪತ್ರೆಗೆ ಓಡುತ್ತಾರೆ. ಡಾಕ್ಟರ್ ಜಾಸ್ತಿ ಸ್ಕ್ಯಾನ್ ಮಾಡಿಸುತ್ತಾರೆ, ವಾರ್ಫರಿನ್ ಸ್ವಲ್ಪ ಏರಿಸಿಯೂಬಿಡಬಹುದು. ಆಗ ಲೆಕ್ಕ ಕೆಡುತ್ತದೆ. ಈ ಅಧ್ಯಯನದ ಖರ್ಚು ಭರಿಸಿದ್ದು ಪಂಪ್ ತಯಾರಿಸುವ ಅಬಾಟ್ ಕಂಪನಿಯೇ. ಯಾರ ಕೈಗೆ ಯಾವ ಮಾತ್ರೆ ಹೋಗಿದೆ ಎಂಬುದು ಗುಟ್ಟಾಗಿರುವುದು ಇಂಥ ಕಡೆ ಇನ್ನೂ ಮುಖ್ಯ.

ಫಲಿತಾಂಶ 2023ರ ನವೆಂಬರ್‌ನಲ್ಲಿ ಬಂತು. ಹೆಪ್ಪು, ಪಾರ್ಶ್ವವಾಯು, ದೊಡ್ಡ ರಕ್ತಸ್ರಾವ ಯಾವುದೂ ಇಲ್ಲದೆ ಒಂದು ವರ್ಷ ಬದುಕಿದವರು ಆಸ್ಪಿರಿನ್ ಗುಂಪಿನಲ್ಲಿ 68.1%, ಖಾಲಿ ಮಾತ್ರೆ ಗುಂಪಿನಲ್ಲಿ 74.2%. ದೊಡ್ಡ ರಕ್ತಸ್ರಾವ 34% ಕಡಿಮೆಯಾಯಿತು. ಹೆಪ್ಪುಗಟ್ಟುವುದು ಹೆಚ್ಚಲಿಲ್ಲ. ಆಸ್ಪಿರಿನ್ ಬಿಟ್ಟರೆ ಕೆಡುಕೇನೂ ಆಗುವುದಿಲ್ಲ ಎಂದು ತೋರಿಸಲು ಹೊರಟವರಿಗೆ, ಬಿಟ್ಟರೆ ಒಳ್ಳೆಯದು ಎಂದು ಗೊತ್ತಾಯಿತು. ಅಂದರೆ ಖಾಲಿ ಮಾತ್ರೆ ಪಡೆದವರು ನಷ್ಟಕ್ಕೆ ಒಳಗಾದವರಲ್ಲ. ಆದರೆ ಒಪ್ಪಿಗೆಯ ಸಹಿ ಹಾಕಿದ ದಿನ ಅದು ಅವರಿಗೆ ಗೊತ್ತಿರಲಿಲ್ಲ, ಅಲ್ವಾ? ಎದೆ ಕೊಯ್ದು ವಾರವೂ ಕಳೆಯದವರು, ಆ ಅನುಮಾನವನ್ನು ಹೊತ್ತುಕೊಂಡೇ ಒಪ್ಪಿದರು. ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಇಲ್ಲಿ ಎರಡು ಮಾತು ಸೇರಿಸಬೇಕು. ಈ ಅಧ್ಯಯನದಲ್ಲಿ ಇದ್ದವರೆಲ್ಲ ಹೊಸದಾಗಿ ಪಂಪ್ ಹಾಕಿಸಿಕೊಂಡವರು. ನಿಮ್ಮ ತಮ್ಮ ನಾಲ್ಕು ವರ್ಷದಿಂದ ಆಸ್ಪಿರಿನ್ ನುಂಗುತ್ತಿದ್ದವರು. ಅವರ ಡಾಕ್ಟರರು ಆ ಫಲಿತಾಂಶವನ್ನು ಹಳೆಯ ರೋಗಿಗೂ ಅನ್ವಯಿಸಿದ್ದಾರೆ. ನನಗೆ ಅದು ಸರಿಯಾಗಿಯೇ ಕಾಣುತ್ತದೆ, ಆದರೂ "ನನ್ನಂಥವರಿಗೆ ಇದು ಹೇಗೆ ಒಪ್ಪುತ್ತದೆ?" ಎಂದು ನಿಮ್ಮ ತಮ್ಮ ಅವರನ್ನು ಕೇಳಲಿ. ಎರಡನೆಯದು, ಇದನ್ನು ಓದುವ ಬೇರೆ ಯಾರೂ ತಾವಾಗಿಯೇ ಆಸ್ಪಿರಿನ್ ಬಿಡಬಾರದು. ಇದು ಹಾರ್ಟ್‌ಮೇಟ್ 3 ಪಂಪಿಗೆ ಮಾತ್ರ ಸಂಬಂಧಿಸಿದ್ದು. ಸ್ಟೆಂಟ್ ಇರುವವರಿಗೆ, ಬೇರೆ ಪಂಪ್ ಇರುವವರಿಗೆ ಇದು ಅನ್ವಯಿಸುವುದಿಲ್ಲ.

ಈಗ ಊರಿಗೆ ಬರುವ ವಿಷಯ. ಎಲ್ಲಕ್ಕಿಂತ ಮೊದಲು ಮನೆಯವರಿಗೆ ಮತ್ತು ನಿಮ್ಮ ಹತ್ತಿರದ ಡಾಕ್ಟರಿಗೆ ಒಂದು ವಿಷಯ ಹೇಳಿಡಿ. ಇವರ ಕೈ ಹಿಡಿದರೆ ನಾಡಿ ಸಿಗದೇ ಇರಬಹುದು. ಪಂಪ್ ರಕ್ತವನ್ನು ನಿಲ್ಲಿಸದೆ ತಳ್ಳುತ್ತಿರುತ್ತದೆ, ಹಾಗಾಗಿ ನಾಡಿ ಬಡಿತ ತೀರಾ ಮೆಲ್ಲಗೆ. ಸಾಮಾನ್ಯ ಬಿಪಿ ಯಂತ್ರವೂ ಎಷ್ಟೋ ಸಲ ಕೈಕೊಡುತ್ತದೆ. ತೋಳಿಗೆ ಪಟ್ಟಿ ಕಟ್ಟಿ, ರಕ್ತದ ಹರಿವಿನ ಸದ್ದು ಕೇಳಿಸುವ ಡಾಪ್ಲರ್ ಎಂಬ ಪುಟ್ಟ ಯಂತ್ರ ಇಟ್ಟು ಅಳೆಯಬೇಕು. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಪಂಪಿನ ಗುಂಯ್ ಎಂಬ ಸದ್ದು ಕೇಳುತ್ತದೆ. ಕೇಳಿದರೆ ಪಂಪ್ ಓಡುತ್ತಿದೆ ಎಂದರ್ಥ. ಎಂಆರ್‌ಐ ಯಾವ ಕಾರಣಕ್ಕೂ ಬೇಡ.

ಬಿಪಿ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಹಾರ್ಟ್‌ವೇರ್ ಎಂಬ ಇನ್ನೊಂದು ಪಂಪ್ ಇತ್ತು. 'ಎಂಡ್ಯೂರೆನ್ಸ್' ಅಧ್ಯಯನದಲ್ಲಿ ಅದನ್ನು ಇಟ್ಟವರಲ್ಲಿ 29.7% ಜನರಿಗೆ ಪಾರ್ಶ್ವವಾಯು ಬಂತು. ಹೋಲಿಕೆಯ ಪಂಪಿನಲ್ಲಿ ಅದು 12.1%. ಆಮೇಲೆ ಬಿಪಿಯನ್ನು ಬಿಗಿಯಾಗಿ ಹಿಡಿದು ಮತ್ತೊಂದು ಅಧ್ಯಯನ ಮಾಡಿದರು. ರಕ್ತದ ಸರಾಸರಿ ಒತ್ತಡ (ಬಿಪಿಯ ಮೇಲಿನ ಅಂಕಿಯೂ ಅಲ್ಲ, ಕೆಳಗಿನದೂ ಅಲ್ಲ) ಸಾಮಾನ್ಯ ಬಿಪಿ ಯಂತ್ರದಲ್ಲಿ 85, ಡಾಪ್ಲರ್‌ನಲ್ಲಿ 90 ದಾಟಬಾರದು ಎಂಬುದು ಗುರಿ. ಆ ಅಧ್ಯಯನ ತಾನು ಇಟ್ಟುಕೊಂಡ ಮುಖ್ಯ ಗುರಿ ಮುಟ್ಟಲಿಲ್ಲ, ಆದರೂ ಪಾರ್ಶ್ವವಾಯು ಕಾಲು ಭಾಗದಷ್ಟು ಇಳಿಯಿತು. ಕಡೆಗೆ 2021ರ ಜೂನ್‌ನಲ್ಲಿ ಮೆಡ್‌ಟ್ರಾನಿಕ್ ಕಂಪನಿ ಆ ಪಂಪಿನ ಮಾರಾಟವನ್ನೇ ನಿಲ್ಲಿಸಿತು. ಪಂಪ್ ಹೋಯಿತು, ಬಿಪಿಯ ಪಾಠ ಉಳಿಯಿತು. ನಿಮ್ಮ ತಮ್ಮನಿಗೆ ಎಷ್ಟರೊಳಗೆ ಇರಬೇಕು ಎಂಬ ಅಂಕಿಯನ್ನು ಅವರ ಆಸ್ಪತ್ರೆಯಿಂದಲೇ ಬರೆಸಿ ತರಲಿ.

ಕರೆಂಟ್ ಬಗ್ಗೆ ನೀವು ಕೇಳಿಲ್ಲ, ಆದರೆ ನಮ್ಮೂರ ಬೇಸಿಗೆ ಗೊತ್ತಲ್ಲ. ಪಂಪ್ ಓಡುವುದು ದೇಹದ ಹೊರಗಿರುವ ಬ್ಯಾಟರಿಯಿಂದ. ಬ್ಯಾಟರಿ ಜೋಡಿ ಒಂದು ಸಲ ಚಾರ್ಜ್ ಮಾಡಿದರೆ 17 ಗಂಟೆಯ ತನಕ ಬರುತ್ತದೆ, ಹಳೆಯದಾದಂತೆ ಕಡಿಮೆಯಾಗುತ್ತದೆ. ಹೆಚ್ಚಿನ ಬ್ಯಾಟರಿ, ಪಂಪನ್ನು ನಿಯಂತ್ರಿಸುವ ಕಂಟ್ರೋಲರ್ ಎಂಬ ಪೆಟ್ಟಿಗೆಯ ಬದಲಿ ಎರಡೂ ಅವರ ಕೈಚೀಲದಲ್ಲೇ ಇರಲಿ, ಲಗೇಜಿನಲ್ಲಿ ಹಾಕಬೇಡಿ. ನಮ್ಮ ವೋಲ್ಟೇಜಿಗೆ ಯಾವ ವೈರ್, ಯಾವ ಚಾರ್ಜರ್ ಬೇಕು ಎಂದು ಹೊರಡುವ ಮೊದಲೇ ಆಸ್ಪತ್ರೆಯಲ್ಲಿ ಕೇಳಲಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದಕ್ಕೆ ಹೊಂದುತ್ತದಾ ಎಂದೂ ಕೇಳಿ.

ಹೊಟ್ಟೆಯಿಂದ ಹೊರಬರುವ ವೈರ್ ಇರುವ ಜಾಗಕ್ಕೆ ಸೋಂಕು ತಗಲದಂತೆ ನೋಡಿಕೊಳ್ಳುವುದು ಇನ್ನೊಂದು ದೊಡ್ಡ ಕೆಲಸ. ಇದು ಇಂದಿಗೂ ಪೂರ್ತಿ ಬಗೆಹರಿಯದ ಸಮಸ್ಯೆ. ಬೆವರು, ದೂಳು ಎರಡೂ ಒಳ್ಳೆಯದಲ್ಲ. ಡ್ರೆಸ್ಸಿಂಗ್ ಸಾಮಾನು ಅಲ್ಲಿಂದಲೇ ತರಲಿ. ತುಂಗೆಯಲ್ಲಿ ಮುಳುಗು ಹಾಕುವ ಆಸೆ ಬೇಡ, ಪಂಪ್ ಇರುವವರು ನೀರಿಗಿಳಿಯಬಾರದು. ಆದರೆ ನೀರು ಕುಡಿಯುವುದು ಕಡಿಮೆಯಾಗಬಾರದು. ದೇಹ ಒಣಗಿದರೆ ಪಂಪಿಗೆ ಎಳೆದುಕೊಳ್ಳಲು ಸಾಕಷ್ಟು ರಕ್ತ ಸಿಗುವುದಿಲ್ಲ.

ಊಟದ ವಿಷಯಕ್ಕೆ ಬಂದರೆ, ತಮ್ಮ ಬಂದ ಖುಷಿಯಲ್ಲಿ ದಿನವೂ ಸೊಪ್ಪಿನ ಬಸ್ಸಾರು ಮಾಡಬೇಡಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್ ಕೆಲಸವನ್ನು ತಗ್ಗಿಸುತ್ತದೆ. ಪೂರ್ತಿ ಬಿಡಿಸುವುದೂ ತಪ್ಪು. ಅಲ್ಲಿ ಎಷ್ಟು ತಿನ್ನುತ್ತಿದ್ದರೋ ಹೆಚ್ಚುಕಡಿಮೆ ಅಷ್ಟೇ ಇಲ್ಲೂ ಇರಲಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆ ಶಿವಮೊಗ್ಗದಲ್ಲೇ ಆಗುತ್ತದೆ. ಸಾಮಾನ್ಯವಾಗಿ ಅದು 2ರಿಂದ 3ರೊಳಗೆ ಇರಬೇಕು. ಆಸ್ಪಿರಿನ್ ಇಲ್ಲದ ಮೇಲೆ ವಾರ್ಫರಿನ್ ಒಂದೇ ಕಾವಲು, ಹಾಗಾಗಿ ಈ ಪರೀಕ್ಷೆ ತಪ್ಪಿಸಬಾರದು.

ಇನ್ನು ಕೊನೆಯ ಪ್ರಶ್ನೆ, ಪಂಪ್ ಯಾವತ್ತಿಗೂ ಇರಬೇಕಾ? ಇರಬೇಕಾಗಿ ಬಂದರೂ ಹೆದರಬೇಡಿ. 2001ರಲ್ಲಿ ಪ್ರಕಟವಾದ 'ರಿಮ್ಯಾಚ್' ಅಧ್ಯಯನದಲ್ಲಿ, ಕಸಿಗೆ ಅರ್ಹರಲ್ಲದವರಿಗೆ ಅಂದಿನ ಪಂಪ್ ಇಟ್ಟಾಗ ಎರಡು ವರ್ಷ ಬದುಕಿದವರು 23% ಮಾತ್ರ. ಔಷಧಿ ಮಾತ್ರ ಪಡೆದವರಲ್ಲಿ 8%. ಹಾರ್ಟ್‌ಮೇಟ್ 3 ಇಟ್ಟವರಲ್ಲಿ ಐದು ವರ್ಷದ ನಂತರ 58% ಜನ ಬದುಕಿದ್ದರು. ಎರಡೂ ಕಡೆಯ ರೋಗಿಗಳು ಒಂದೇ ಥರದವರಲ್ಲ, ನೇರವಾಗಿ ಹೋಲಿಸುವಂತಿಲ್ಲ. ಆದರೂ ಎಲ್ಲಿಂದ ಎಲ್ಲಿಗೆ ಬಂದಿದ್ದೇವೆ ಎಂಬುದು ಕಾಣುತ್ತದೆ.

ಪಂಪ್ ತೆಗೆಯುವ ದಾರಿ ಒಂದು ಕಸಿ. ಇನ್ನೊಂದು, ಅಪರೂಪಕ್ಕೆ, ಹೃದಯವೇ ಚೇತರಿಸಿಕೊಳ್ಳುವುದು. ಎಮ್ಮಾ ಬರ್ಕ್ಸ್ ಎಂಬ ತಜ್ಞೆಯ ನೇತೃತ್ವದ 'ರೀಸ್ಟೇಜ್' ಅಧ್ಯಯನದ ವರದಿ 2020ರಲ್ಲಿ ಬಂತು. 40 ರೋಗಿಗಳಿಗೆ ಪಂಪ್ ಇಟ್ಟು, ಹೃದಯದ ಔಷಧಿಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು, ಆಗಾಗ ಪಂಪಿನ ವೇಗ ತಗ್ಗಿಸಿ ಎಕೋ (ಹೃದಯದ ಸ್ಕ್ಯಾನ್) ಮಾಡಿ ನೋಡಿದರು. 16 ಜನರಿಗೆ ಪಂಪ್ ತೆಗೆದ ಮೇಲೂ ಹೃದಯ ತಾನೇ ನಡೆಸಿಕೊಂಡು ಹೋಯಿತು. ಅವರೆಲ್ಲ 60ರೊಳಗಿನವರು, ಕಾಯಿಲೆ ಶುರುವಾಗಿ ಐದು ವರ್ಷ ದಾಟದವರು, ರಕ್ತನಾಳದ ಅಡ್ಡಿಯಿಂದ ಹೃದಯ ಸೋತವರಲ್ಲ. ನಿಮ್ಮ ತಮ್ಮ ಈ ವರ್ಣನೆಗೆ ಹತ್ತಿರ ಇದ್ದಾರೆ. ಆದರೆ ಅಲ್ಲಿ ಪಂಪ್ ತೆಗೆದದ್ದು ಹೆಚ್ಚಾಗಿ ಮೊದಲ ಒಂದೂವರೆ ವರ್ಷದಲ್ಲಿ. ನಾಲ್ಕು ವರ್ಷದ ನಂತರ ಆ ಸಾಧ್ಯತೆ ಕಡಿಮೆ, ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಆದರೂ ವೇಗ ತಗ್ಗಿಸಿ ಎಕೋ ಮಾಡಿದ್ದಾರಾ, ಕೊನೆಯ ಬಾರಿ ಮಾಡಿದ್ದು ಯಾವಾಗ, ಆಗ ಹೃದಯ ಹೇಗಿತ್ತು ಎಂದು ಮುಂದಿನ ಭೇಟಿಯಲ್ಲಿ ಡಾಕ್ಟರರನ್ನು ಕೇಳಲು ಹೇಳಿ.