ಯುದ್ಧಕ್ಕೆ ಹೋಗಿ ಬಂದ ರೈತ ತಾತನ ಬಗ್ಗೆ ವಂಶಚರಿತ್ರೆಯಲ್ಲಿ ಏನು ಬರೆಯಬೇಕು?

ನಿಮ್ಮ ತಾತ ರೈತರು, ಎರಡನೇ ಮಹಾಯುದ್ಧಕ್ಕೂ ಹೋಗಿದ್ದರಂತೆ, ಒಂದು ಪದಕ ಬಿಟ್ಟರೆ ಮನೆಯಲ್ಲಿ ಏನೂ ಉಳಿದಿಲ್ಲ, ಎರಡು ಸಾಲಿಗಿಂತ ಹೆಚ್ಚು ಬರೆಯಲು ಆಗುತ್ತಿಲ್ಲ ಎಂದು ಕೇಳಿದ್ದೀರಿ. ಮೂರು ವರ್ಷದ ಹಿಂದೆ ನನ್ನ ಪಾಡೂ ಇದೇ ಆಗಿತ್ತು. ನನಗೆ ದಾರಿ ಸಿಕ್ಕಿದ್ದು ಹೊಲದ ಕಾಗದದಲ್ಲಿ.

ನಮ್ಮ ತಾತನ ಊರು ಯಲಹಂಕದ ಆಚೆ. ಮಳೆಯನ್ನೇ ನಂಬಿದ ಮೂರು ಎಕರೆ ಕೆಂಪು ನೆಲ. ರಾಗಿ, ಅದರ ನಡುವೆ ಅವರೆ ಮತ್ತು ಹುಚ್ಚೆಳ್ಳಿನ ಅಕ್ಕಡಿ ಸಾಲು. 1942ರಲ್ಲಿ ಅವರು ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ (ಸೇತುವೆ, ರಸ್ತೆ ಕಟ್ಟುವ ಸೇನೆಯ ಇಂಜಿನಿಯರಿಂಗ್ ಪಡೆ) ಸೇರಿದರು, ಬರ್ಮಾ ಕಡೆಗೆ ಹೋದರು, 1946ರಲ್ಲಿ ಹಿಂತಿರುಗಿ ಮತ್ತೆ ನೇಗಿಲು ಹಿಡಿದರು. ಮನೆಯಲ್ಲಿ ಇದರ ಬಗ್ಗೆ ಇದ್ದದ್ದು ಒಂದೇ ಮಾತು: "ತಾತ ಮಿಲಿಟರಿಗೆ ಹೋಗಿದ್ದರು." ಏಕೆ ಹೋದರು ಎಂದು ಯಾರೂ ಕೇಳಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಬ್ರಿಟಿಷರ ಸೇನೆಯಲ್ಲಿದ್ದೆನೆಂದು ಹೇಳಿಕೊಳ್ಳಲು ಅವರಿಗೂ ಮುಜುಗರವಿತ್ತೆಂದು ಕಾಣುತ್ತದೆ.

ಆಸ್ತಿ ವಿಭಾಗದ ಕೆಲಸಕ್ಕೆಂದು ಹಳೆಯ ನೋಂದಣಿ ಪತ್ರಗಳ ನಕಲು ತೆಗೆಸಿದಾಗ ಉತ್ತರ ಸಿಕ್ಕಿತು. 1940ರಲ್ಲಿ ಆ ಮೂರು ಎಕರೆಯನ್ನೂ ಸಾಲಕ್ಕೆ ಭೋಗ್ಯ ಹಾಕಿದ್ದರು. 1944ರಲ್ಲಿ ಬಿಡಿಸಿಕೊಂಡಿದ್ದರು. ಆ ವರ್ಷ ತಾತ ಊರಿನಲ್ಲೇ ಇರಲಿಲ್ಲ. ಅವರು ಕಳಿಸಿದ ಮನಿಯಾರ್ಡರ್ ಹಣವನ್ನು ಕೂಡಿಟ್ಟು ಹೊಲ ಬಿಡಿಸಿದವರು ಅವರ ತಾಯಿ, ನನ್ನ ಮುತ್ತಜ್ಜಿ. ಪತ್ರದ ಕೊನೆಯಲ್ಲಿ ಆಕೆಯ ಹೆಬ್ಬೆಟ್ಟಿನ ಗುರುತಿದೆ. ಕಪ್ಪು ಶಾಯಿಯ ಆ ಗುರುತಿನ ನಡುವೆ ಅಡ್ಡಕ್ಕೆ ಒಂದು ಬಿಳಿ ಗೀರು. ಇದೇನೆಂದು ಸೋದರತ್ತೆಗೆ ತೋರಿಸಿದೆ. "ಅಜ್ಜಿಗೆ ರಾಗಿ ಕೊಯ್ಯುವಾಗ ಕುಡುಗೋಲು ತಾಗಿತ್ತು, ಆ ಗಾಯದ ಕಲೆ" ಎಂದರು. ನಾನು ಆಕೆಯ ಮುಖ ನೋಡಿಲ್ಲ. ಆಕೆಯ ಒಂದು ಫೋಟೋ ಕೂಡ ಇಲ್ಲ. ಆ ಗೀರನ್ನು ನೋಡುತ್ತಾ ಬಹಳ ಹೊತ್ತು ಕುಳಿತಿದ್ದೆ.

ಆಗಿನ ಭಾರತೀಯ ಸೇನೆಗೆ ಕಡ್ಡಾಯ ಭರ್ತಿ ಇರಲಿಲ್ಲ. ಸುಮಾರು 25 ಲಕ್ಷ ಜನ ತಾವಾಗಿಯೇ ಸೇರಿದರು ಎಂದು ಚರಿತ್ರೆಯಲ್ಲಿ ಓದುತ್ತೇವೆ. ಆ "ತಾವಾಗಿಯೇ" ಎಂಬ ಮಾತಿನ ಹಿಂದೆ ಎಷ್ಟು ಭೋಗ್ಯಪತ್ರಗಳಿವೆಯೋ! ಆದ್ದರಿಂದ ನಿಮ್ಮ ತಾತನನ್ನು ರೈತ ಒಂದು ಅಧ್ಯಾಯ, ಸೈನಿಕ ಇನ್ನೊಂದು ಅಧ್ಯಾಯ ಎಂದು ಸೀಳಬೇಡಿ. ಮೊದಲು ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಹಳೆಯ ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ), ಐ.ಎಲ್. (ಜಮೀನುಗಳ ಸೂಚಿ), ಆರ್.ಆರ್. (ಹಕ್ಕು ದಾಖಲೆ) ಪುಸ್ತಕಗಳನ್ನು ಕೇಳಿ. ಉಪನೋಂದಣಿ ಕಚೇರಿಯಲ್ಲಿ ಕ್ರಯ, ಭೋಗ್ಯದ ಪತ್ರಗಳನ್ನು ಹುಡುಕಿಸಿ. ಅವರು ದೂರದಲ್ಲಿದ್ದ ವರ್ಷಗಳಲ್ಲಿ ಹೊಲಕ್ಕೆ ಏನಾಯಿತು ಎಂದು ನೋಡಿ.

ಇನ್ನು ಹಿರಿಯರನ್ನು ಮಾತನಾಡಿಸುವ ವಿಚಾರ. ಯುದ್ಧದ ಬಗ್ಗೆ ಕೇಳಿದಾಗ ಅತ್ತೆ "ಅಪ್ಪ ಏನೂ ಹೇಳುತ್ತಿರಲಿಲ್ಲ" ಎಂದು ಸುಮ್ಮನಾದರು. ಎತ್ತುಗಳ ಬಗ್ಗೆ, ಕಣದ ಬಗ್ಗೆ ಕೇಳಿದೆ. ಆಗ ಮಾತು ನಿಲ್ಲಲೇ ಇಲ್ಲ. ತೆನೆ ಒಕ್ಕುವ ರೋಣಗಲ್ಲನ್ನು ಕಣಕ್ಕೆ ಸಾಗಿಸುವಾಗ ತಾತ ಆರು ಜನರನ್ನು ಎರಡು ಕಡೆ ನಿಲ್ಲಿಸಿ "ಏಕ್, ದೋ" ಎಂದು ಕೂಗಿ ಒಟ್ಟಿಗೆ ಎತ್ತಿಸುತ್ತಿದ್ದರಂತೆ. ಬರ್ಮಾದಲ್ಲಿ ಸ್ಯಾಪರುಗಳು ಜೋಡಿಸುತ್ತಿದ್ದ ಬೈಲಿ ಸೇತುವೆಯ ಒಂದೊಂದು ಉಕ್ಕಿನ ಚೌಕಟ್ಟೂ ಸುಮಾರು 260 ಕಿಲೋ. ಅದನ್ನು ಹೊರಲು ಆರು ಜನ ಬೇಕಿತ್ತು. ಊರಿನಲ್ಲಿ ಜ್ವರ ಹರಡಿದಾಗ "ನಮಗೆ ದಿನಾ ಸಾಲಾಗಿ ನಿಲ್ಲಿಸಿ ಹಳದಿ ಮಾತ್ರೆ ನುಂಗಿಸುತ್ತಿದ್ದರು, ಮೈಯೆಲ್ಲ ಹಳದಿಯಾಗುತ್ತಿತ್ತು" ಎನ್ನುತ್ತಿದ್ದರಂತೆ. ಅದು ಮಲೇರಿಯಾ ತಡೆಯಲು ಕೊಡುತ್ತಿದ್ದ ಮೆಪಾಕ್ರಿನ್. ಏನೂ ಹೇಳದ ಮನುಷ್ಯ ಇಷ್ಟೆಲ್ಲ ಹೇಳಿದ್ದರು!

ತಾತ ಹಾಕುತ್ತಿದ್ದ ಎತ್ತಿನ ಹಗ್ಗದ ಗಂಟೂ ಹಾಗೆಯೇ. ಗೂಟಕ್ಕೆ ಎರಡು ಸುತ್ತು, ಎರಡನೆಯದರ ಅಡಿಯಲ್ಲಿ ತುದಿ ತೂರಿಸಿ ಒಂದೇ ಎಳೆತ. ಎತ್ತು ಜಗ್ಗಿದಷ್ಟೂ ಬಿಗಿಯುತ್ತದೆ, ಬೆರಳಿನಿಂದ ನೂಕಿದರೆ ಸಡಿಲವಾಗುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಅತ್ತೆ ಈಗಲೂ ಹಸುವನ್ನು ಹಾಗೆಯೇ ಕಟ್ಟುತ್ತಾರೆ. ಹಸು ನೋಡಲು ಬಂದಿದ್ದ ನಿವೃತ್ತ ಸುಬೇದಾರರೊಬ್ಬರು ಆ ಗಂಟನ್ನು ಕಂಡು "ಈ ಮನೆಯಲ್ಲಿ ಥಂಬಿ ಯಾರಿದ್ದರಮ್ಮ?" ಎಂದು ಕೇಳಿದರು. ಮದ್ರಾಸ್ ಸ್ಯಾಪರುಗಳನ್ನು ಸೇನೆಯಲ್ಲಿ ಪ್ರೀತಿಯಿಂದ ಕರೆಯುವುದು ಥಂಬಿ ಎಂದೇ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. 1944 ಎಂದು ಕಂಡ ಕೂಡಲೇ ತಾತನನ್ನು ಆ ವರ್ಷ ಜಪಾನೀಯರ ವಿರುದ್ಧ ನಡೆದ ಕೊಹಿಮಾ, ಇಂಫಾಲ ಕದನಗಳ ವೀರನನ್ನಾಗಿ ಮಾಡಿ ಬರೆಯಬೇಡಿ. ಹಾಗೆಯೇ ಪರಂಗಿಯವರ ಚಾಕರಿ ಮಾಡಿದರೆಂದು ಮುಚ್ಚಿಡಲೂ ಬೇಡಿ. ಅವರು ಹೊರದ ಭಾರವನ್ನು ಅವರ ಮೇಲೆ ಹೊರಿಸುವುದು ಎಷ್ಟು ತಪ್ಪೋ, ಹೊತ್ತದ್ದನ್ನು ಅಳಿಸುವುದೂ ಅಷ್ಟೇ ತಪ್ಪು.

ಪದಕದ ಬಗ್ಗೆ: ಅದು ಆರು ಮೊನೆಯ ನಕ್ಷತ್ರವಾಗಿದ್ದರೆ ಅದರ ಹೆಸರು ನಡುವಿನ ವೃತ್ತದಲ್ಲೇ ಇರುತ್ತದೆ. ಪದಕ ತೂಗುವ ಬಟ್ಟೆಯ ಪಟ್ಟಿಯ ನಡುವೆ ಕೆಂಪು, ಎರಡೂ ಕಡೆ ಕಡುನೀಲಿ, ಆ ನೀಲಿಯೊಳಗೆ ಕಿತ್ತಳೆ ಗೆರೆ ಇದ್ದರೆ ಅದು ಬರ್ಮಾ ರಣರಂಗದ ಸೇವೆಗೆ ಕೊಟ್ಟ ಬರ್ಮಾ ಸ್ಟಾರ್. ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕವೋ ಸೇವಾ ಸಂಖ್ಯೆಯೋ ಸಿಕ್ಕಿದರೆ ಅವರ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಬರೆಯಿರಿ; ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಿ.

ನಿಮ್ಮ ಮನೆಯಲ್ಲಿ ಎಪ್ಪತ್ತೈದು ದಾಟಿದ ಅತ್ತೆಯೋ ಚಿಕ್ಕಪ್ಪನೋ ಇದ್ದರೆ ಕಚೇರಿ ಕೆಲಸ ಆಮೇಲಾಗಲಿ, ಈ ಭಾನುವಾರವೇ ಅವರ ಬಳಿ ಹೋಗಿ. ತಾತ ಎತ್ತನ್ನು ಹೇಗೆ ಕಟ್ಟುತ್ತಿದ್ದರು ಎಂದು ಕೇಳಿ.