ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಯಾಂಪ್‌ಗ್ರೌಂಡಿನಲ್ಲಿ ನೆಲೆಸಿದವರ ನಡುವೆ

ಪ್ರಶ್ನೆ: ಅಮೆರಿಕದ ನೈಋತ್ಯ ರಾಜ್ಯಗಳಲ್ಲಿ ಬಾಡಿಗೆಯ ಕ್ಯಾಂಪರ್ ವ್ಯಾನಿನಲ್ಲಿ ಸಂಚರಿಸಬೇಕೆಂದಿದ್ದೇನೆ. ಅಲ್ಲಿನ ಕ್ಯಾಂಪ್‌ಗ್ರೌಂಡುಗಳಲ್ಲಿ ತಿಂಗಳುಗಟ್ಟಲೆ ವಾಹನದಲ್ಲೇ ವಾಸಿಸುವವರು ಇದ್ದಾರೆಂದು ಕೇಳಿದ್ದೇನೆ. ಅವರು ಯಾರು? ಒಂದೆರಡು ರಾತ್ರಿ ತಂಗಿ ಹೋಗುವ ನಾನು ಅವರೊಡನೆ ಮಾತಿಗೆ ಇಳಿಯಬಹುದೇ?

ಉತ್ತರ: ಧಾರಾಳವಾಗಿ ಮಾತನಾಡಬಹುದು. ಆದರೆ ನಿಮಗೆ ಎಂಥವರು ಸಿಗುತ್ತಾರೆ ಎಂಬುದನ್ನು ನೀವು ತಂಗುವ ಜಾಗದ ನಿಯಮಗಳೇ ಬಹುಮಟ್ಟಿಗೆ ನಿರ್ಧರಿಸುತ್ತವೆ. ರಾಷ್ಟ್ರೀಯ ಉದ್ಯಾನಗಳಲ್ಲಿ ವಾಸದ ಅವಧಿಗೆ ಮಿತಿ ಇದೆ; ಕ್ಯಾಲಿಫೋರ್ನಿಯಾದ ಯೊಸೆಮಿಟಿ ಉದ್ಯಾನದಲ್ಲಿ ವರ್ಷಕ್ಕೆ 30 ರಾತ್ರಿ, ಅದರಲ್ಲೂ ಮೇ 1ರಿಂದ ಸೆಪ್ಟೆಂಬರ್ 15ರವರೆಗೆ 14 ರಾತ್ರಿ ಮಾತ್ರ, ಅಲ್ಲಿನ ಯೊಸೆಮಿಟಿ ಕಣಿವೆಯ ಒಳಗಾದರೆ ಏಳೇ ರಾತ್ರಿ. ರಾಷ್ಟ್ರೀಯ ಅರಣ್ಯಗಳಲ್ಲಿಯೂ ಸಾಮಾನ್ಯವಾಗಿ 14 ದಿನಗಳ ನಂತರ ಜಾಗ ಬಿಡಬೇಕಾಗುತ್ತದೆ. ಆದ್ದರಿಂದ ಇಂತಹ ಕಡೆ ಇಡೀ ಋತು ಉಳಿಯುವವರೆಂದರೆ ಹೆಚ್ಚಾಗಿ ಕ್ಯಾಂಪ್ ಹೋಸ್ಟ್‌ಗಳು. ಉಚಿತ ಜಾಗಕ್ಕೆ ಪ್ರತಿಯಾಗಿ ಹೊಸಬರಿಗೆ ದಾರಿ ತೋರಿಸುವುದು, ಬೆಂಕಿಯ ಗುಂಡಿಗಳನ್ನು ಸ್ವಚ್ಛಗೊಳಿಸುವುದು ಮುಂತಾದ ಕೆಲಸಗಳನ್ನು ಅವರು ವಹಿಸಿಕೊಂಡಿರುತ್ತಾರೆ. ಇವರಲ್ಲಿ ನಿವೃತ್ತ ದಂಪತಿಗಳೇ ಬಹಳ ಮಂದಿ.

ಆರ್‌ವಿ ಎಂದರೆ ಒಳಗೇ ವಾಸಿಸಬಹುದಾದ ವಾಹನ; ಅವು ನಿಲ್ಲುವ ಖಾಸಗಿ ಆರ್‌ವಿ ಪಾರ್ಕುಗಳ ಕಥೆ ಬೇರೆ. ಅವುಗಳಲ್ಲಿ ಅನೇಕ ಕಡೆ ತಿಂಗಳ ಬಾಡಿಗೆಯ ವ್ಯವಸ್ಥೆ ಇರುವುದರಿಂದ ಕಟ್ಟಡ ಕೆಲಸಗಾರರು, ಒಪ್ಪಂದದ ಮೇಲೆ ಊರೂರಿಗೆ ಹೋಗುವ ದಾದಿಯರು, ಮನೆ ಮಾರಿ ಸುತ್ತಾಟಕ್ಕೆ ಹೊರಟವರು, ಮನೆ ಬಾಡಿಗೆ ಭರಿಸಲಾಗದೆ ಟ್ರೇಲರ್ ಸೇರಿದ ಕುಟುಂಬಗಳು ಒಂದೇ ಸಾಲಿನಲ್ಲಿ ನೆರೆಹೊರೆಯವರಾಗಿರುತ್ತಾರೆ. ಇನ್ನು ಚಳಿಗಾಲದಲ್ಲಿ ಅರಿಜೋನಾದ ಕ್ವಾರ್ಟ್ಸೈಟ್ ಕಡೆಗೆ ಹೋದರೆ ಮರುಭೂಮಿಯಲ್ಲೇ ಒಂದು ಊರು ಎದ್ದಿರುವುದನ್ನು ಕಾಣುತ್ತೀರಿ. ಕೇಂದ್ರ ಸರ್ಕಾರದ ಭೂ ನಿರ್ವಹಣಾ ಸಂಸ್ಥೆಯು 1983ರಲ್ಲಿ ಅರಿಜೋನಾ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ದೀರ್ಘಾವಧಿ ತಂಗುವವರಿಗಾಗಿಯೇ ಪ್ರತ್ಯೇಕ ಪ್ರದೇಶಗಳನ್ನು ಗುರುತಿಸಿತು. ಅಲ್ಲಿ ಒಂದೇ ಪರವಾನಗಿಯಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಉಳಿಯಲು ಅವಕಾಶವಿದೆ. ಉತ್ತರದ ರಾಜ್ಯಗಳಿಂದಲೂ ಕೆನಡಾದಿಂದಲೂ ಹಿಮಕ್ಕೆ ಬೆನ್ನು ಹಾಕಿ ಬರುವ ಹಿರಿಯರನ್ನು ಅಲ್ಲಿ ಸ್ನೋಬರ್ಡ್‌ಗಳೆಂದು ಕರೆಯುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಪ್ರತಿ ವರ್ಷ ಅದೇ ಜಾಗಕ್ಕೆ, ಅದೇ ಗೆಳೆಯರ ಪಕ್ಕಕ್ಕೆ ಬಂದು ನಿಲ್ಲುತ್ತಾರೆ, ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವ ಮೊದಲೇ ಉತ್ತರಕ್ಕೆ ಮರಳುತ್ತಾರೆ.

ಮಾತು ಹೇಗೆ ಆರಂಭಿಸಬೇಕೆಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮೊದಲು ಜಾಗದ ಬಗ್ಗೆ ಕೇಳಿ, ಅವರ ಬದುಕಿನ ಬಗ್ಗೆ ಅಲ್ಲ. ಕುಡಿಯುವ ನೀರಿನ ನಲ್ಲಿ ಎಲ್ಲಿದೆ, ರಾತ್ರಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ವಾಹನದ ಬದಿಗೆ ನೆರಳಿಗಾಗಿ ಚಾಚಿದ ಬಟ್ಟೆಯನ್ನು ಮಲಗುವ ಮುನ್ನ ಸುತ್ತಿಡಬೇಕೇ ಎಂಬುದು ಅಲ್ಲಿ ತಿಂಗಳುಗಳನ್ನು ಕಳೆದವರಿಗೆ ತಿಳಿದಷ್ಟು ಯಾವ ಕೈಪಿಡಿಗೂ ತಿಳಿದಿರುವುದಿಲ್ಲ. ತಮ್ಮ ಅನುಭವಕ್ಕೆ ಬೆಲೆಯಿದೆ ಎಂದು ಕಂಡಾಗ ಜನರು ತಾವಾಗಿಯೇ ಮುಂದಿನ ಮಾತು ತೆಗೆಯುತ್ತಾರೆ. "ನೀವೇಕೆ ಹೀಗೆ ಬದುಕುತ್ತಿದ್ದೀರಿ?" ಎಂಬ ಪ್ರಶ್ನೆಯನ್ನು ಮಾತ್ರ ದಯವಿಟ್ಟು ಕೇಳಬೇಡಿ. ಅಕ್ಕಪಕ್ಕದಲ್ಲಿ ನಿಂತ ಎರಡು ಟ್ರೇಲರ್‌ಗಳಲ್ಲಿ ಒಂದರಲ್ಲಿರುವವರು ಇಷ್ಟಪಟ್ಟು ಬಂದವರಾಗಿರಬಹುದು, ಇನ್ನೊಂದರಲ್ಲಿರುವವರು ಕಾಯಿಲೆ, ಸಾಲ ಅಥವಾ ಸಾವಿನಿಂದಾಗಿ ಮನೆ ಕಳೆದುಕೊಂಡವರಾಗಿರಬಹುದು. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯದು.

ಸಂಖ್ಯೆ ಬರೆದ ಒಂದು ಗೂಟ, ಒಂದು ಮೇಜು ಮಾತ್ರ ಕಾಣುವ ಜಾಗವಾದರೂ ಅದು ಅವರ ಅಂಗಳ. ಸ್ನಾನಗೃಹಕ್ಕೆ ಹತ್ತಿರದ ದಾರಿಯೆಂದು ಅದರ ನಡುವೆ ಹಾದುಹೋಗುವುದು ಹೊಸಬರು ಮಾಡುವ ಅತಿ ಸಾಮಾನ್ಯ ತಪ್ಪು. ಕುರ್ಚಿಯನ್ನು ದಾರಿಯ ಕಡೆಗೆ ತಿರುಗಿಸಿಕೊಂಡು ಕುಳಿತವರನ್ನು ನಿಸ್ಸಂಕೋಚವಾಗಿ ಮಾತನಾಡಿಸಿ, ಪರದೆ ಎಳೆದಿದ್ದರೆ ಮುಂದೆ ಸಾಗಿ. ವಾಹನದ ಅಥವಾ ಒಗೆದು ಹರವಿದ ಬಟ್ಟೆಯ ಚಿತ್ರವನ್ನು ಅನುಮತಿಯಿಲ್ಲದೆ ತೆಗೆಯಬೇಡಿ.

ಪ್ರಶ್ನೆ: ನಾವು ದೂರದಿಂದ ತಂದಿದ್ದ ಸೌದೆಯನ್ನು ಕಂಡು ಪಕ್ಕದ ಹಿರಿಯರೊಬ್ಬರು ಆಕ್ಷೇಪಿಸಿದರು. ಅದು ಅನಗತ್ಯ ಹಸ್ತಕ್ಷೇಪವಲ್ಲವೇ?

ಉತ್ತರ: ಅಲ್ಲ, ಅವರು ಹೇಳಿದ್ದೇ ಸರಿ. ಎಮರಾಲ್ಡ್ ಆ್ಯಶ್ ಬೋರರ್ ಎಂಬ ಏಷ್ಯಾ ಮೂಲದ ಕೊರೆಹುಳು 2002ರಲ್ಲಿ ಮಿಷಿಗನ್ನಿನಲ್ಲಿ ಪತ್ತೆಯಾದ ಮೇಲೆ ಕೋಟ್ಯಂತರ ಆ್ಯಶ್ ಮರಗಳು ಸತ್ತಿವೆ. ಅದರ ಮರಿಹುಳುಗಳು ತೊಗಟೆಯ ಅಡಿಯಲ್ಲಿ ಬೆಳೆಯುವುದರಿಂದ ಸೌದೆಯೊಂದಿಗೆ ಅವು ನೂರಾರು ಮೈಲಿ ಸಾಗಿಬಿಡುತ್ತವೆ. ಉರಿಸುವ ಊರಿನಲ್ಲೇ ಸೌದೆ ಕೊಳ್ಳಿ. ಆ ಮರಗಳ ನೆರಳಿನಲ್ಲಿ ಬದುಕುವವರು ಎಚ್ಚರಿಸಿದರೆ ಅದನ್ನು ಕಾಳಜಿಯೆಂದೇ ತಿಳಿಯಬೇಕು.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಲ್ಯಾಬ್ ಸಿಟಿಯನ್ನು ನೋಡಿ ಬರಬಹುದೇ?

ಉತ್ತರ: ಎರಡನೆಯ ಮಹಾಯುದ್ಧದ ಕಾಲದ ಕ್ಯಾಂಪ್ ಡನ್ಲಪ್ ಎಂಬ ಸೇನಾ ಶಿಬಿರದ ಕಟ್ಟಡಗಳನ್ನು ತೆಗೆದ ಬಳಿಕ ಉಳಿದ ಕಾಂಕ್ರೀಟ್ ಹಾಸುಗಳ ಮೇಲೆ ಬೆಳೆದ ನೆಲೆ ಅದು. ಸಾರ್ವಜನಿಕ ನೀರು, ವಿದ್ಯುತ್, ಒಳಚರಂಡಿ ಯಾವುದೂ ಅಲ್ಲಿಲ್ಲ. ಪ್ರವೇಶದ ಬಳಿ ಲಿಯೊನಾರ್ಡ್ ನೈಟ್ ಅವರು ದಶಕಗಳ ಕಾಲ ಮಣ್ಣು ಮತ್ತು ಬಣ್ಣಗಳಿಂದ ಕಟ್ಟಿದ ಸಾಲ್ವೇಶನ್ ಮೌಂಟನ್ ಇದೆ. ಅದು ಎಲ್ಲರೂ ನೋಡಲೆಂದು ಮಾಡಿದ್ದು. ಅದರಾಚೆಗಿನ ಟ್ರೇಲರ್‌ಗಳು ಮನೆಗಳು. ಕಾರಿನ ಕಿಟಕಿಯಿಂದ ಇಣುಕುತ್ತಾ ನಿಧಾನವಾಗಿ ಸುತ್ತುವುದು ಅಲ್ಲಿ ಬದುಕುವವರಿಗೆ ಅವಮಾನವೆಂದೇ ನಾನು ಭಾವಿಸುತ್ತೇನೆ. ಹೋಗುವುದಾದರೆ ನಿಮ್ಮ ನೀರನ್ನು ನೀವೇ ಒಯ್ಯಿರಿ, ಕಸವನ್ನು ಹಿಂದಕ್ಕೆ ತನ್ನಿರಿ.