ಡ್ರೈವರ್ ಪಕ್ಕಕ್ಕಿಡಿ, ಮೊದಲು ಬೋರ್ಡ್ ನೋಡಿ

ನಮಸ್ಕಾರ.

ನೀವು ಕಳಿಸಿದ ‘ಪವರ್ ಚಿಪ್‌ಗೆ ಸ್ಕೀಮಾ ಬರೆಯೋದು ಹೇಗೆ’ ಲೇಖನ ಓದಿದೆ. ಲಿನಕ್ಸ್ ಕರ್ನಲ್‌ನ ಡಿವೈಸ್ ಟ್ರೀ, ಅಂದರೆ ಬೋರ್ಡಿನಲ್ಲಿ ಯಾವ ಭಾಗ ಎಲ್ಲಿ ಹೇಗೆ ಸೇರಿದೆ ಅಂತ ಹೇಳುವ ಕಡತದ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ. ಅದರಲ್ಲೂ ನೀವು ಪಿಎಂಐಸಿಯನ್ನು, ಅಂದರೆ ಬೋರ್ಡಿನ ಒಂದೊಂದು ಭಾಗಕ್ಕೂ ಬೇಕಾದ ವೋಲ್ಟೇಜ್ ಹಂಚುವ ಚಿಪ್ಪನ್ನು ಎತ್ತಿಕೊಂಡಿದ್ದೀರಿ. ಬೀಗಲ್‌ಬೋನ್ ಬ್ಲ್ಯಾಕ್ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಮೇಲಿರುವ ಟಿಪಿಎಸ್65217 ಚಿಪ್ಪನ್ನೇ ಉದಾಹರಣೆಗೆ ಆರಿಸಿದ್ದು ಒಳ್ಳೇದಾಯಿತು, ಆ ಬೋರ್ಡ್ ಬಹಳ ಜನರ ಹತ್ತಿರ ಇದೆ. ಸ್ಕೀಮಾ ಬರೆಯುವ ಯಾಮಲ್ ಫಾರ್ಮ್ಯಾಟ್‌ನ ಇಂಡೆಂಟೇಷನ್ ವಿವರಿಸಿದ ಭಾಗವೂ ಚೆನ್ನಾಗಿದೆ. ಈಗ ಜಗಳಕ್ಕೆ ಬರೋಣ.

ನಿಮ್ಮ ಮೊದಲನೇ ಪ್ಯಾರಾದಲ್ಲೇ ಈ ಸಾಲಿದೆ: “ಚಿಪ್ಪನ್ನು ಹೇಗೆ ನಡೆಸಬೇಕು ಅಂತ ಈ ಸ್ಕೀಮಾ ಲಿನಕ್ಸ್ ಡ್ರೈವರ್‌ಗೆ ಹೇಳಿಕೊಡುತ್ತದೆ.” ಇಲ್ಲ, ಹೇಳಿಕೊಡುವುದಿಲ್ಲ. ಬೋರ್ಡ್ ಓಡುವಾಗ ಸ್ಕೀಮಾ ಅದರ ಹತ್ತಿರವೂ ಸುಳಿಯುವುದಿಲ್ಲ. ಬೂಟ್ ಹೊತ್ತಿಗೆ ಕರ್ನಲ್‌ಗೆ ಸಿಗುವುದು ಕಂಪೈಲ್ ಆದ ಡಿವೈಸ್ ಟ್ರೀ ಮಾತ್ರ. ಆ ಟ್ರೀಯಲ್ಲಿ ಈ ಚಿಪ್ ಬಗ್ಗೆ ಏನೇನು ಬರೆಯಬಹುದು, ಯಾವುದು ಇರಲೇಬೇಕು, ಯಾವುದು ಇರಬಾರದು ಅನ್ನುವ ಕಟ್ಟಳೆ ಸ್ಕೀಮಾದಲ್ಲಿರುತ್ತದೆ. ಅದನ್ನು ಓದುವುದು ನಾವು ನೀವು, ಮತ್ತೆ ಪರೀಕ್ಷೆ ಮಾಡುವ ಟೂಲ್. ಇನ್ನು ‘ಲಿನಕ್ಸ್’ ಅನ್ನುವ ಮಾತು. ಇದೇ ಟ್ರೀಗಳನ್ನು ಬೋರ್ಡ್ ಬೂಟ್ ಮಾಡಿಸುವ ಯು-ಬೂಟ್ ಓದುತ್ತದೆ, ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಫ್ರೀಬಿಎಸ್‌ಡಿ ಓದುತ್ತದೆ. ಹೊಸ ಸ್ಕೀಮಾದ ಮೊದಲ ಸಾಲಲ್ಲಿ ಲಿನಕ್ಸ್‌ನ ಜಿಪಿಎಲ್ ಜೊತೆ ಬಿಎಸ್‌ಡಿ ಲೈಸೆನ್ಸನ್ನೂ ಹಾಕಿ ಅಂತ ಕೇಳುವುದು ಯಾಕೆ ಅಂದುಕೊಂಡಿರಿ? ಲಿನಕ್ಸ್ ಹೊರಗಿನವರೂ ಬಳಸಲಿ ಅಂತಲೇ. ನೀವು ಆ ಸಾಲನ್ನು ಕಾಪಿ ಮಾಡಿದ್ದೀರಿ, ಯಾಕಿದೆ ಅಂತ ಒಂದು ಮಾತೂ ಬರೆದಿಲ್ಲ.

ಎರಡನೇ ಪುಟಕ್ಕೆ ಬನ್ನಿ. “ಸದ್ಯ ಡ್ರೈವರ್ ಇಂಟರಪ್ಟ್ ಬಳಸುವುದಿಲ್ಲ ಅಂದುಕೊಳ್ಳೋಣ, ಹಾಗಾಗಿ ಅದನ್ನು ಸ್ಕೀಮಾದಲ್ಲಿ ಬಿಟ್ಟಿದ್ದೇನೆ.” ಇದನ್ನು ಓದಿ ನಿಜಕ್ಕೂ ಸಿಟ್ಟು ಬಂತು. ಚಿಪ್ಪಿಗೆ ಇಂಟರಪ್ಟ್ ಪಿನ್, ಅಂದರೆ ಪ್ರೊಸೆಸರ್‌ನ ಗಮನ ಸೆಳೆಯುವ ಪಿನ್ ಇದೆ. ಬೀಗಲ್‌ಬೋನ್‌ನಲ್ಲಿ ಆ ಪಿನ್ನಿಂದ ಗೆರೆ ಹೊರಟು ಪ್ರೊಸೆಸರ್‌ನ ಎನ್‌ಎಂಐ ಅನ್ನುವ ಇಂಟರಪ್ಟ್ ಪಿನ್‌ಗೆ ಹೋಗುತ್ತದೆ. ಬೋರ್ಡಿನ ಪವರ್ ಬಟನ್ ಕೂಡ ಇದೇ ಚಿಪ್ಪಿಗೆ ಸೇರಿದೆ. ಒತ್ತಿದ ಸುದ್ದಿ ಪ್ರೊಸೆಸರ್‌ಗೆ ಮುಟ್ಟುವುದು ಆ ಗೆರೆಯಿಂದಲೇ. ಡ್ರೈವರ್ ಬರೆದವರಿಗೆ ಇವತ್ತು ಪುರುಸೊತ್ತು ಇಲ್ಲ ಅಂತ ತಾಮ್ರದ ಗೆರೆ ಮಾಯವಾಗುತ್ತದಾ? ಮನೆಯ ನಕ್ಷೆ ಬರೆಯುವವನು, ಈಗಿನ ಬಾಡಿಗೆದಾರರು ಹಿತ್ತಿಲ ಬಾಗಿಲು ತೆಗೆಯುವುದಿಲ್ಲ ಅಂತ ಬಾಗಿಲನ್ನೇ ನಕ್ಷೆಯಿಂದ ಬಿಟ್ಟ ಹಾಗಾಯಿತು ಇದು. ಕರ್ನಲ್ ಜೊತೆಗೇ ಬರುವ, ಬೈಂಡಿಂಗ್ (ಸ್ಕೀಮಾದಲ್ಲಿರುವ ಕಟ್ಟಳೆ) ಬರೆಯುವ ಸೂಚನೆಗಳಲ್ಲಿ ಇದನ್ನು ನೇರವಾಗಿಯೇ ಹೇಳಿದ್ದಾರೆ: ಹಾರ್ಡ್‌ವೇರ್‌ನಲ್ಲಿ ಏನಿದೆಯೋ ಅದನ್ನು ಪೂರ್ತಿ ಬರೆಯಿರಿ, ಡ್ರೈವರ್ ಮಾತು ಎತ್ತಬೇಡಿ. ತುಂಬಾ ಚಿಕ್ಕ ಕಡತ, ಒಂದು ಸಂಜೆಯ ಓದು.

ಅದರ ಕೆಳಗೇ “ಚಾರ್ಜರ್ ಡ್ರೈವರ್ ಪ್ರೋಬ್ ಆಗಲಿ ಅಂತ ಬೇರೆ ನೋಡ್ ಕೊಟ್ಟಿದ್ದೇನೆ” ಅಂದಿದ್ದೀರಿ. ನೋಡ್ ಅಂದರೆ ಟ್ರೀಯಲ್ಲಿ ಒಂದು ಭಾಗಕ್ಕೆ ಕೊಟ್ಟ ಜಾಗ. ಈ ಚಿಪ್ಪಿನ ಹಳೆಯ ಟ್ರೀಯಲ್ಲಿ ಹಾಗೆ ಇರುವುದು ನಿಜ, ಒಪ್ಪುತ್ತೇನೆ. ಆದರೆ ನಿಮ್ಮ ಓದುಗರು ಬರೆಯಲು ಹೊರಟಿರುವುದು ಹೊಸ ಚಿಪ್ಪಿಗೆ. ತನ್ನದೇ ಆದ ಇಂಟರಪ್ಟೋ, ಸಪ್ಲೈಯೋ ಏನೂ ಇಲ್ಲದೆ ಸುಮ್ನೆ ಡ್ರೈವರ್ ಎಬ್ಬಿಸಲು ಇಟ್ಟ ನೋಡ್ ಇದ್ದರೆ ಪ್ಯಾಚ್ ರಿವ್ಯೂನಲ್ಲೇ ವಾಪಸ್ ಬರುತ್ತದೆ.

ಇಷ್ಟಕ್ಕೇ ಬಿಟ್ಟುಬಿಡುತ್ತಿದ್ದೆ. ಆದರೆ ನಿಮ್ಮ ಎಕ್ಸಾಂಪಲ್ ನೋಡಿದೆ.

ಚಿಪ್ಪಿನ ವೋಲ್ಟೇಜ್ ಔಟ್‌ಪುಟ್‌ಗಳಾದ ಡಿಸಿಡಿಸಿ1, ಡಿಸಿಡಿಸಿ2, ಡಿಸಿಡಿಸಿ3 ಮೂರಕ್ಕೂ ಒಂದೇ ಅಂಕಿ ಹಾಕಿದ್ದೀರಿ. ಕನಿಷ್ಠ 900000 ಮೈಕ್ರೋವೋಲ್ಟ್, ಗರಿಷ್ಠ 3300000. ಎಲ್ಲಿಂದ ಬಂತು ಅಂತ ಗೊತ್ತಾಯಿತು. ಚಿಪ್ಪಿನ ರಿಜಿಸ್ಟರ್‌ನಲ್ಲಿ ಬರೆಯಬಹುದಾದ ಬೆಲೆಗಳು 0.9 ವೋಲ್ಟ್‌ನಿಂದ 3.3 ವೋಲ್ಟ್‌ವರೆಗೆ ಇವೆ, ಅದನ್ನೇ ಎತ್ತಿ ಇಟ್ಟಿದ್ದೀರಿ. ಡಿಸಿಡಿಸಿ2 ಬೀಗಲ್‌ಬೋನ್‌ನಲ್ಲಿ ಯಾರಿಗೆ ಹೋಗುತ್ತದೆ ನೋಡಿದ್ರಾ? ಪ್ರೊಸೆಸರ್‌ನ ಸಿಪಿಯು ಭಾಗಕ್ಕೆ. ಅದು 1 ಗಿಗಾಹರ್ಟ್ಸ್‌ನಲ್ಲಿ ಓಡುವಾಗಲೂ ಕೇಳುವುದು 1.325 ವೋಲ್ಟ್. ಕರ್ನಲ್‌ನಲ್ಲಿರುವ ಆ ಬೋರ್ಡಿನ ಕಡತದಲ್ಲಿ ಈ ರೈಲ್‌ಗೆ, ಅಂದರೆ ಈ ವೋಲ್ಟೇಜ್ ಗೆರೆಗೆ ಬರೆದಿರುವುದು 925000ದಿಂದ 1351500. ಡಿಸಿಡಿಸಿ3ಕ್ಕೆ 925000ದಿಂದ 1150000. ಮೇಲೆ ಒಂದು ಕಾಮೆಂಟ್ ಸಾಲೂ ಇದೆ, ಟಾಲರೆನ್ಸ್ (ಒಪ್ಪಬಹುದಾದ ಏರುಪೇರು) ಎಷ್ಟು ಅಂತ.

ಡಿವೈಸ್ ಟ್ರೀಯಲ್ಲಿ ಬರೆಯುವ ಕನಿಷ್ಠ-ಗರಿಷ್ಠ ಅಂಕಿ ಚಿಪ್ಪಿನ ಶಕ್ತಿಯ ಲೆಕ್ಕವಲ್ಲ. ಈ ಬೋರ್ಡಿನಲ್ಲಿ, ಈ ಗೆರೆಯ ಆ ತುದಿಯಲ್ಲಿ ಕೂತಿರುವ ಭಾಗ ಎಷ್ಟು ತಾಳುತ್ತದೆ ಅನ್ನುವ ಲೆಕ್ಕ ಅದು. ಆ ಮಿತಿಯೊಳಗೆ ಯಾರು ಎಷ್ಟು ಕೇಳಿದರೂ ಕರ್ನಲ್ ಕೊಡುತ್ತದೆ. ನೀವು 3.3 ಅಂತ ಬರೆದರೆ, ಯಾವುದೋ ಕೋಡ್ ತಪ್ಪಿ 3.3 ಕೇಳಿದ ದಿನ ತಡೆಯಲು ಯಾರೂ ಇರುವುದಿಲ್ಲ, ಪ್ರೊಸೆಸರ್ ಸುಡುತ್ತದೆ. ಇಷ್ಟಾದರೂ ನಿಮ್ಮ ಲೇಖನದಲ್ಲಿ “ಡಿಟಿ ಬೈಂಡಿಂಗ್ ಚೆಕ್ ಓಡಿಸಿದೆ, ಒಂದೂ ಎರರ್ ಇಲ್ಲ” ಅಂತ ಖುಷಿಯಿಂದ ಬರೆದಿದ್ದೀರಿ. ಎರರ್ ಯಾಕೆ ಬರುತ್ತದೆ ಹೇಳಿ? ಅಂಕಿ ಇರಬೇಕಾದ ಕಡೆ ಅಂಕಿ ಇದೆ, ಹೆಸರಿನ ಸ್ಪೆಲ್ಲಿಂಗ್ ಸರಿ ಇದೆ, ಇರಲೇಬೇಕಾದ್ದೆಲ್ಲ ಇದೆ. ಟೂಲ್ ನೋಡುವುದು ಅಷ್ಟನ್ನೇ. ಡಿಸಿಡಿಸಿ2ರ ಆ ತುದಿಯಲ್ಲಿ ಸಿಪಿಯು ಇದೆಯೋ ಎಲ್‌ಇಡಿ ಇದೆಯೋ ಅದಕ್ಕೆ ಗೊತ್ತಿಲ್ಲ. ಅದನ್ನು ನೀವೇ ನೋಡಬೇಕು, ಅಲ್ವಾ?

ನಾನು ಈ ಕೆಲಸ ಕಲಿತಾಗ ಸ್ಕೀಮಾ ಅನ್ನುವುದೇ ಇರಲಿಲ್ಲ. ಈ ಯಾಮಲ್ ಸ್ಕೀಮಾ ಕರ್ನಲ್‌ಗೆ ಬಂದದ್ದು 2018-19ರ ಹೊತ್ತಿಗೆ, ಅದಕ್ಕೂ ಮುಂಚೆ ಮಾಮೂಲಿ ಟೆಕ್ಸ್ಟ್ ಕಡತಗಳು. ಅದಕ್ಕೂ ಹಿಂದೆ ಎಆರ್‌ಎಂ ಪ್ರೊಸೆಸರ್‌ಗಳ ಜಗತ್ತಿನಲ್ಲಿ ಒಂದೊಂದು ಬೋರ್ಡಿಗೂ ಸಿ ಭಾಷೆಯಲ್ಲಿ ಬರೆದ ಒಂದೊಂದು ಕಡತ. 2011ರಲ್ಲಿ ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಆ ಗೊಂದಲದ ಮೇಲೆ ರೇಗಿದ ಮೇಲೇ ಡಿವೈಸ್ ಟ್ರೀ ಕಡೆ ಓಟ ಜೋರಾದದ್ದು. ನಾನು ಸೇರಿದ್ದು ಆ ಸಿ ಕಡತಗಳ ಕಾಲದಲ್ಲಿ, ಬೆಂಗಳೂರಿನ ಒಂದು ಸಣ್ಣ ಆಫೀಸಿಗೆ. ನಮ್ಮ ಸೀನಿಯರ್ ಒಬ್ಬರಿದ್ದರು, ಮಂಡ್ಯ ಕಡೆಯವರು. ಮೊದಲ ವಾರ ನನ್ನನ್ನು ಕೀಬೋರ್ಡ್ ಮುಟ್ಟಲೇ ಬಿಡಲಿಲ್ಲ. ದೊಡ್ಡ ಹಾಳೆಯಲ್ಲಿ ಬೋರ್ಡಿನ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಪ್ರಿಂಟ್ ತೆಗೆದು, ಬಣ್ಣದ ಪೆನ್ಸಿಲ್ ಡಬ್ಬಿ ಕೊಟ್ಟು, “ಪವರ್ ಚಿಪ್ಪಿನ ಒಂದೊಂದು ಔಟ್‌ಪುಟ್‌ಗೂ ಒಂದೊಂದು ಬಣ್ಣ. ಗೆರೆ ಎಲ್ಲಿ ಮುಗಿಯುತ್ತೋ ಅಲ್ಲಿವರೆಗೂ ಬಳೀ” ಅಂದರು. ಎಂಜಿನಿಯರಿಂಗ್ ಮುಗಿಸಿ ಬಂದವನಿಗೆ ಬಣ್ಣ ತುಂಬುವ ಕೆಲಸವಾ ಅಂತ ಒಳಗೊಳಗೇ ಉರಿಯುತ್ತಿತ್ತು. ಆಮೇಲೆ ಕೋಡ್ ಬರೆಯಲು ಕೂತಾಗ ಹಿಂದೆ ಬಂದು ನಿಲ್ಲುತ್ತಿದ್ದರು. ನಾನು ಒಂದು ವೋಲ್ಟೇಜ್ ಟೈಪ್ ಮಾಡಿದರೆ ಸಾಕು, “ಈ ನಂಬರ್ ಯಾರು ಹೇಳಿದ್ದು?” ಯಾವ ಡೇಟಾಶೀಟ್ (ಚಿಪ್ ಮಾಡಿದವರು ಕೊಡುವ ವಿವರ), ಎಷ್ಟನೇ ಟೇಬಲ್ ಅಂತ ಹೇಳುವವರೆಗೂ ಆ ಸಾಲು ಉಳಿಯುತ್ತಿರಲಿಲ್ಲ. ಪಿಎಂಐಸಿಯ ಡೇಟಾಶೀಟ್ ತೋರಿಸಿದರೆ ತಳ್ಳಿಬಿಡುತ್ತಿದ್ದರು. “ಕೊಡೋನ್ನ ಕೇಳಬೇಡ, ತಗೊಳ್ಳೋನ್ನ ಕೇಳು” ಅನ್ನುತ್ತಿದ್ದರು. ಇವತ್ತಿಗೂ ನನಗೆ ಪ್ರೊಸೆಸರ್ ಡೇಟಾಶೀಟ್‌ನಲ್ಲಿ ಯಾವ ವೇಗಕ್ಕೆ ಎಷ್ಟು ವೋಲ್ಟ್ ಅಂತ ಹೇಳುವ ಆಪರೇಟಿಂಗ್ ಪಾಯಿಂಟ್ ಟೇಬಲ್ ನೋಡದೆ ಮೈಕ್ರೋವೋಲ್ಟ್ ಸಾಲು ಓದಲು ಬರುವುದಿಲ್ಲ.

ಲೇಖನದ ಉಳಿದ ಭಾಗದ ಬಗ್ಗೆ ನಾನು ಏನೂ ಹೇಳುವುದಿಲ್ಲ, ಪ್ಯಾಚ್ ಕಳಿಸುವ ವಿಧಾನ ಎಲ್ಲ ಹಾಗೇ ಇರಲಿ.

ತಿದ್ದುವಾಗ ಹೀಗೆ ಮಾಡಿ. ಬೀಗಲ್‌ಬೋನ್ ಬ್ಲ್ಯಾಕ್‌ನ ಸ್ಕೀಮ್ಯಾಟಿಕ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅದು ಓಪನ್ ಹಾರ್ಡ್‌ವೇರ್. ಅದರಲ್ಲಿ ಪವರ್ ಪುಟ ತೆಗೆದು ಡಿಸಿಡಿಸಿ2ರ ಗೆರೆಯೊಂದನ್ನೇ ಪ್ರೊಸೆಸರ್‌ವರೆಗೆ ಹಿಂಬಾಲಿಸಿ, ಆ ಪ್ರಯಾಣವನ್ನೇ ಲೇಖನದ ನಡುಭಾಗ ಮಾಡಿ. ಚಿಪ್ಪಿನ ಮಿತಿ ಯಾವುದು, ಬೋರ್ಡಿನ ಮಿತಿ ಯಾವುದು ಅಂತ ಓದುಗರಿಗೆ ಅಲ್ಲೇ ತೋರಿಸಿ. ಮೂರೂ ರೈಲ್ ಬೇಡ, ಒಂದು ಸಾಕು. ‘ಡ್ರೈವರ್’ ಪದ ಬಂದ ಸಾಲುಗಳಿಗೆಲ್ಲ ಕೆಂಪು ಗುರುತು ಹಾಕಿ ಕಳಿಸಿದ್ದೇನೆ. ಅದರಲ್ಲಿ ಯಾವುದನ್ನು ಉಳಿಸಿಕೊಂಡಿರೋ ಅದಕ್ಕೆ ಪಕ್ಕದಲ್ಲಿ ಕಾರಣ ಬರೆಯಿರಿ. ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಚಿಕೆಗೆ ತಗೋತೀನಿ. ಎಕ್ಸಾಂಪಲ್ ಭಾಗವನ್ನು ಮಾತ್ರ ಅದಕ್ಕೂ ಮುಂಚೆ, ಬೇರೆಯಾಗಿ ಕಳಿಸಿ. ಅಂಕಿಗಳನ್ನು ನಾನೊಂದು ಸಲ ನೋಡಬೇಕು.